ಯುಟಿಲಿಟಿಗೆ ಬೇಕಿರೋದು ಬೆಳಕು, ಹೊಳಪಲ್ಲ

"ರೂಮು ಕತ್ತಲೆನಾ ಸಾರ್? ಹಂಗಾದ್ರೆ ಗ್ಲಾಸಿ ಹೊಡ್ಸಿಬಿಡಿ, ಫಳಫಳ ಅನ್ನುತ್ತೆ."

ಹಾಸನದಲ್ಲಿ ಮನೆಗೆ ಬಣ್ಣ ಹೊಡೆಸಿದವರಲ್ಲಿ ಈ ಮಾತು ಕೇಳದವರು ಕಮ್ಮಿ. ಹೊಳೆನರಸೀಪುರಕ್ಕೆ ಹೋಗಿ, ಅರಕಲಗೂಡಿಗೆ ಹೋಗಿ, ಚನ್ನರಾಯಪಟ್ಟಣಕ್ಕೆ ಹೋಗಿ, ಮಾತು ಇದೇ. ಅಂಗಡಿಯವರು ಹೇಳ್ತಾರೆ, ಕಂಟ್ರಾಕ್ಟರ್ ಹೇಳ್ತಾರೆ, ಪಕ್ಕದ ಮನೆ ಅಂಕಲ್ಲೂ ಹೇಳ್ತಾರೆ. ಎಷ್ಟು ಜನ ಹೇಳಿದರೂ ಈ ಮಾತು ತಪ್ಪು. ಗ್ಲಾಸಿ ಹೊಡೆಸಿದ ತಕ್ಷಣ ಕತ್ತಲೆ ಕೋಣೆ ಬೆಳಕಾಗಲ್ಲ. ಕತ್ತಲೆ ಹಾಗೇ ಇರುತ್ತೆ, ಹೊಳೆಯೋ ಕತ್ತಲೆ ಆಗುತ್ತೆ ಅಷ್ಟೇ.

ಇದರ ಜೊತೆಗೆ ಇನ್ನೊಂದು ರೂಢಿ ಇದೆ. ಹಾಲ್‌ಗೆ ತಂದ ಬಣ್ಣ ಅರ್ಧ ಡಬ್ಬ ಉಳಿದಿದೆ, ಮಕ್ಕಳ ರೂಮಿಗೆ ತಂದಿದ್ದು ಕಾಲು ಡಬ್ಬ ಉಳಿದಿದೆ. "ಅದನ್ನೆಲ್ಲ ಮಿಕ್ಸ್ ಮಾಡಿ ಯುಟಿಲಿಟಿಗೆ ಹೊಡೆದುಬಿಡಪ್ಪ, ಯಾರು ನೋಡ್ತಾರೆ ಅಲ್ಲಿ?" ಒಂದು ಕಡೆ ಗ್ಲಾಸಿ ಅನ್ನೋ ಸುಳ್ಳು ಔಷಧಿ, ಇನ್ನೊಂದು ಕಡೆ ಮಿಕ್ಕಿದ್ದನ್ನು ಬಳಿಯೋ ಉಡಾಫೆ. ಎರಡೂ ಹುಟ್ಟೋದು ಒಂದೇ ಕಡೆಯಿಂದ: ಆ ಕೋಣೆಯಲ್ಲಿ ನಿಂತು ಕೆಲಸ ಮಾಡೋರ ಕಣ್ಣಿನ ಬಗ್ಗೆ ಯಾರೂ ಯೋಚನೆ ಮಾಡಿಲ್ಲ. ನನ್ನ ಸಿಟ್ಟು ಇರೋದು ಅದರ ಮೇಲೆ.

ಯುಟಿಲಿಟಿ ಅನ್ನೋ ಕೋಣೆ ನಮ್ಮ ಕಡೆಗೆ ಬಂದಿದ್ದು ತೀರಾ ಇತ್ತೀಚೆಗೆ. ನಮ್ಮ ಅಜ್ಜಿಯರ ಕಾಲದಲ್ಲಿ ಈ ಕೆಲಸಗಳೆಲ್ಲ ಹಿತ್ತಿಲಲ್ಲಿ ನಡೀತಿದ್ದವು. ಪಾತ್ರೆ ತೊಳೆಯೋಕೆ ಬಾವಿಕಟ್ಟೆ ಹತ್ತಿರ ಒಂದು ಜಾಗ, ಬಟ್ಟೆ ಒಗೆಯೋಕೆ ಒಂದು ಕಲ್ಲು, ಮಳೆ ಬಂದರೆ ಹಿಂದಿನ ಜಗುಲಿ. ಒಳಗೆ ಕತ್ತಲೆ ಅನ್ನಿಸಿದ ಕಡೆ ಹೆಂಚಿನ ಮಧ್ಯೆ ಒಂದು ಗಾಜಿನ ಹೆಂಚು ಕೂರಿಸಿ ಬೆಳಕಿಂಡಿ ಮಾಡ್ತಿದ್ದರು. ಆಮೇಲೆ ಮೂವತ್ತು ನಲವತ್ತರ ಸೈಟು ಬಂತು, ಅದರ ಮೇಲೆ ಆರ್‌ಸಿಸಿ ಮನೆ ಬಂತು. ಬಿಡಬೇಕಾದ ಸೆಟ್‌ಬ್ಯಾಕನ್ನು ನಾವೂ ಬಿಡಲಿಲ್ಲ, ಪಕ್ಕದವರೂ ಬಿಡಲಿಲ್ಲ. ಹಿತ್ತಿಲು ಕುಗ್ಗಿ ಕುಗ್ಗಿ ಅಡುಗೆಮನೆ ಹಿಂದಿನ ನಾಲ್ಕಡಿ ಎಂಟಡಿ ಜಾಗ ಆಯ್ತು. ಅದರಲ್ಲೇ ವಾಷಿಂಗ್ ಮಷಿನ್ನು, ಸಿಂಕು, ಗ್ಯಾಸ್ ಸಿಲಿಂಡರು, ಗ್ರೈಂಡರು, ಪೊರಕೆ, ಬಕೆಟ್ಟು, ಹಸಿಕಸದ ಡಬ್ಬ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಒಣಗದ ಬಟ್ಟೆಯೂ ಅಲ್ಲೇ ನೇತಾಡಬೇಕು. ಕಿಟಕಿ ಇದ್ದರೂ ಅದರಾಚೆ ಮೂರಡಿ ದೂರಕ್ಕೆ ಪಕ್ಕದ ಮನೆ ಗೋಡೆ. ಹಿತ್ತಿಲ ಕೆಲಸವೆಲ್ಲ ಒಳಗೆ ಬಂತು, ಹಿತ್ತಿಲ ಬೆಳಕು ಮಾತ್ರ ಹೊರಗೇ ಉಳೀತು.

ಈಗ ಗ್ಲಾಸಿ ವಿಷಯಕ್ಕೆ ಬರೋಣ. ಬಣ್ಣದ ಹೊಳಪನ್ನು ಅಳೆಯೋಕೆ ಒಂದು ಮೀಟರ್ ಇದೆ, ಅದಕ್ಕೆ ಐಎಸ್‌ಒ 2813 ಅನ್ನೋ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಒಂದು ಕೋನದಲ್ಲಿ, ಸಾಮಾನ್ಯವಾಗಿ 60 ಡಿಗ್ರಿಯಲ್ಲಿ, ಗೋಡೆ ಮೇಲೆ ಬೆಳಕು ಬಿಟ್ಟು ಅದು ಕನ್ನಡಿಯಲ್ಲಿ ಪುಟಿದ ಹಾಗೆ ಎಷ್ಟು ಪುಟೀತು ಅಂತ ನೋಡ್ತಾರೆ. ಆ ಅಳತೆಯಲ್ಲಿ 100 ಅಂತ ಯಾವುದಕ್ಕೆ ಕೊಟ್ಟಿದ್ದಾರೆ ಗೊತ್ತಾ? ನುಣ್ಣಗೆ ಪಾಲಿಶ್ ಮಾಡಿದ ಕಪ್ಪು ಗಾಜಿಗೆ. ಹೌದು, ಕಪ್ಪು ಗಾಜಿಗೇ! ಹೊಳಪೂ ಬೆಳಕೂ ಒಂದೇ ಆಗಿದ್ದರೆ ನಾಲ್ಕು ಗೋಡೆಗೂ ಕಪ್ಪು ಗಾಜು ಅಂಟಿಸಿದ ಕೋಣೆ ಊರಿಗೇ ಬೆಳಕು ಕೊಡಬೇಕಿತ್ತು.

ಕಾರಣ ಸರಳ. ಗೋಡೆ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಬಣ್ಣದ ಮೇಲ್ಪದರದಿಂದಲೇ ವಾಪಸ್ ಬರೋದು ನೂರಕ್ಕೆ ಸುಮಾರು ನಾಲ್ಕು ಪಾಲು. ಓರೆಯಾಗಿ ಬಿದ್ದರೆ ಸ್ವಲ್ಪ ಜಾಸ್ತಿ. ಮೇಲ್ಪದರ ನುಣ್ಣಗಿದ್ದರೆ ಆ ನಾಲ್ಕು ಪಾಲು ಒಂದೇ ದಿಕ್ಕಿಗೆ ಚಿಮ್ಮುತ್ತೆ, ಅದನ್ನೇ ನಾವು ಹೊಳಪು ಅಂತೀವಿ. ತರಿತರಿ ಇದ್ದರೆ ಅದೇ ನಾಲ್ಕು ಪಾಲು ಎಲ್ಲ ಕಡೆಗೂ ಹರಡುತ್ತೆ, ಅದು ಮ್ಯಾಟ್. ಉಳಿದ ತೊಂಬತ್ತಾರು ಪಾಲು ಬಣ್ಣದ ಒಳಗೆ ಹೋಗುತ್ತೆ. ಅದರಲ್ಲಿ ಎಷ್ಟು ಹೊರಗೆ ಬರುತ್ತೆ ಅನ್ನೋದನ್ನು ತೀರ್ಮಾನ ಮಾಡೋದು ಒಳಗಿರೋ ಪುಡಿ. ಬಿಳಿ ಪೇಂಟಿನಲ್ಲಿರೋ ಟೈಟಾನಿಯಂ ಡೈಆಕ್ಸೈಡ್ ಬಹುಪಾಲು ಬೆಳಕನ್ನು ವಾಪಸ್ ಕಳಿಸುತ್ತೆ, ಕಾಫಿ ಬಣ್ಣ ಬಹುಪಾಲನ್ನು ನುಂಗುತ್ತೆ. ಅಂದರೆ ನಾಲ್ಕು ಪಾಲಿನ ಬಗ್ಗೆ ಅಂಗಡಿಯಲ್ಲಿ ಅರ್ಧ ಗಂಟೆ ಚರ್ಚೆ ಮಾಡಿ, ತೊಂಬತ್ತಾರರ ಬಗ್ಗೆ ಒಂದು ಮಾತೂ ಕೇಳದೆ ಡಬ್ಬ ಹೊತ್ತುಕೊಂಡು ಬರ್ತಿದ್ದೀವಿ.

ಇದಕ್ಕೆ ಪ್ರಯೋಗಶಾಲೆ ಬೇಡ, ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಬೆಂಗಳೂರಿಂದ ಫ್ರೆಂಡ್ಸ್ ಬಂದಾಗಲೆಲ್ಲ ಬೇಲೂರಿಗೆ ಕರ್ಕೊಂಡು ಹೋಗ್ತೀರಲ್ಲ, ನವರಂಗದ ಕಂಬಗಳನ್ನು ನೆನಪಿಸಿಕೊಳ್ಳಿ. ಬಳಪದ ಕಲ್ಲನ್ನು ತಿರುಗಿಸಿ ಕಡೆದು, ಉಜ್ಜಿ ಉಜ್ಜಿ ಮಿಂಚಿಸಿರೋ ಕಂಬಗಳು. ಒಂಬೈನೂರು ವರ್ಷದ ಮೇಲೂ ಫಳಫಳ ಅನ್ನುತ್ತವೆ. ಅಷ್ಟು ಹೊಳಪಿದ್ದರೂ ಒಳಗೆ ಬೆಳಕಿದೆಯಾ? ಮೇಲಿನ ಭುವನೇಶ್ವರಿಯ ಕೆತ್ತನೆ ನೋಡಬೇಕು ಅಂದರೆ ದೀಪ ಬೇಕೇ ಬೇಕು. ಕಂಬ ಎಷ್ಟೇ ಮಿಂಚಿದರೂ ಕಲ್ಲಿನ ಬಣ್ಣ ಕಪ್ಪು, ಬಿದ್ದ ಬೆಳಕನ್ನು ಅದು ನುಂಗುತ್ತೆ. ಇನ್ನೊಂದು ವಿಷಯ: ಆ ಮಂಟಪ ಮೊದಲು ತೆರೆದೇ ಇತ್ತು, ಸುತ್ತ ಜಾಲಂಧ್ರ ಕೂರಿಸಿದ್ದು ಆಮೇಲೆ. ಬೆಳಕು ಕಮ್ಮಿಯಾಗಿದ್ದು ತೆರೆದ ಜಾಗ ಮುಚ್ಚಿದ್ದರಿಂದ. ನಮ್ಮ ಹಿತ್ತಿಲಿಗೂ ಆಗಿದ್ದು ಅದೇ ತಾನೆ? ದೇವಸ್ಥಾನಕ್ಕೆ ಆ ಮಬ್ಬು ಒಂದು ಶೋಭೆ. ಪಾತ್ರೆ ತೊಳೆಯೋ ಜಾಗಕ್ಕೆ ಅಲ್ಲ.

ಹಾಗಾದರೆ ಕೋಣೆ ಬೆಳಗೋದು ಹೇಗೆ? ಗೋಡೆಯಿಂದ ಗೋಡೆಗೆ ಬೆಳಕು ಎಷ್ಟು ಸಲ ಪುಟೀತು ಅನ್ನೋದರಿಂದ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಎಲ್ಲ ಕಡೆ ಮುಚ್ಚಿದ, ಒಂದೇ ಬಲ್ಬಿರೋ ಕೋಣೆ ಅಂದುಕೊಳ್ಳಿ. ಗೋಡೆ, ನೆಲ, ಸೀಲಿಂಗ್ ಎಲ್ಲ ಸೇರಿ ಸರಾಸರಿ ನೂರಕ್ಕೆ 50 ವಾಪಸ್ ಕೊಡುತ್ತೆ ಅಂದರೆ, 100, ಆಮೇಲೆ 50, ಆಮೇಲೆ 25, ಹೀಗೆ ಕೂಡುತ್ತಾ ಹೋದರೆ 200 ಆಗುತ್ತೆ. ಅದೇ ಸರಾಸರಿ 80 ಇದ್ದರೆ 100, 80, 64 ಅಂತ ಕೂಡಿ 500. ಸರಾಸರಿ 30ಕ್ಕೆ ಇಳಿದರೆ ಮೊತ್ತ 143ರಲ್ಲೇ ನಿಂತುಹೋಗುತ್ತೆ. ನಿಜವಾದ ಯುಟಿಲಿಟಿಯಲ್ಲಿ ಕಿಟಕಿ, ಬಾಗಿಲು, ಮಷಿನ್ನು, ಸಾಮಾನು ಎಲ್ಲ ಇರೋದರಿಂದ 80ರ ಸರಾಸರಿ ಯಾರಿಗೂ ಸಿಗಲ್ಲ. ಆದರೆ 30ರಿಂದ 60ಕ್ಕೆ ಏರಿಸಿದರೂ ಮೊತ್ತ 250 ಆಗುತ್ತೆ. ಅದೇ ಬಲ್ಬು, ಅದೇ ಕರೆಂಟ್ ಬಿಲ್ಲು, ಬೆಳಕು ಮುಕ್ಕಾಲು ಪಟ್ಟು ಜಾಸ್ತಿ.

ಈ "ವಾಪಸ್ ಕೊಡೋ" ಲೆಕ್ಕಕ್ಕೆ ಪೇಂಟ್ ಕಂಪನಿಗಳವರು ಎಲ್‌ಆರ್‌ವಿ ಅಂತ ಹೆಸರಿಟ್ಟಿದ್ದಾರೆ. ಕಡುಗಪ್ಪಿಗೆ ಸೊನ್ನೆ, ಶುದ್ಧ ಬಿಳಿಗೆ 100. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: "ಈ ಶೇಡಿನ ಎಲ್‌ಆರ್‌ವಿ ಎಷ್ಟು?" 80ರ ಮೇಲಿದ್ದರೆ ಯುಟಿಲಿಟಿ ಗೋಡೆಗೆ ಸರಿ. ಹಾಲಿನ ಒಂದು ಗೋಡೆಗೆ ಅಂತ ತಂದು ಉಳಿದ ಇಟ್ಟಿಗೆ ಕೆಂಪೋ ಸಿಮೆಂಟ್ ಗ್ರೇಯೋ ಅದರ ಹತ್ತಿರಕ್ಕೂ ಸುಳಿಯಲ್ಲ. ಅದನ್ನು ತಂದು ಮನೆಯ ಅತ್ಯಂತ ಕತ್ತಲೆ ಕೋಣೆಗೆ ಬಳಿಯೋದು ಉಳಿತಾಯ ಅಂತ ನಾನು ಒಪ್ಪಲ್ಲ. ಸೀಲಿಂಗೂ ಲೆಕ್ಕಕ್ಕೆ ಬರುತ್ತೆ, ಅದಕ್ಕೆ ಹೊಳಪೇ ಬೇಡ, ಅಪ್ಪಟ ಬಿಳಿ ಮ್ಯಾಟ್ ಸಾಕು. ನೆಲವೂ ಬರುತ್ತೆ. ಸಿಂಕ್ ಪಕ್ಕ ಕಪ್ಪು ಕಡಪ ಕಲ್ಲು ಹಾಸಿದ್ದರೆ, ನೀರು ಬಿದ್ದಾಗ ಅದು ಚೆಂದ ಹೊಳೆಯುತ್ತೆ ನಿಜ, ಬೆಳಕು ಮಾತ್ರ ಅಲ್ಲೇ ಮುಳುಗಿಹೋಗುತ್ತೆ.

ಹಾಗಂತ ಹೊಳಪಿಗೆ ಕೆಲಸವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಅದರ ಕೆಲಸ ಬೇರೆ: ತೊಳೆಯೋಕೆ ಅನುಕೂಲ ಮಾಡೋದು. ಮ್ಯಾಟ್ ಪೇಂಟಿನಲ್ಲಿ ಪುಡಿ ಜಾಸ್ತಿ, ಅದನ್ನು ಹಿಡಿದಿಡೋ ಅಂಟು ಕಮ್ಮಿ. ಹಾಗಾಗಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಸಾರಿನ ಹನಿ, ಅರಿಶಿನ, ಸೋಪಿನ ನೊರೆ ಒಳಗಿಳಿದರೆ ಉಜ್ಜಿದಷ್ಟೂ ಬಣ್ಣವೇ ಬರುತ್ತೆ. ಹೊಳಪು ಜಾಸ್ತಿ ಆದಂತೆ ಅಂಟಿನ ಪಾಲು ಜಾಸ್ತಿ, ಪದರ ಗಟ್ಟಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಆದ್ದರಿಂದ ಯುಟಿಲಿಟಿ ಗೋಡೆಗೆ ಹೊಳಪು ಸ್ವಲ್ಪ ಬೇಕು. ಆ "ಸ್ವಲ್ಪ" ಅನ್ನೋದು ಸಾಫ್ಟ್ ಶೀನ್ ಅಥವಾ ಸ್ಯಾಟಿನ್ ಹತ್ತಿರ ನಿಲ್ಲಬೇಕು, ಗ್ಲಾಸಿ ತನಕ ಹೋಗಬೇಕಾಗಿಲ್ಲ.

"ಪೂರ್ತಿ ಗ್ಲಾಸಿ ಹೊಡೆಸಿದರೆ ಇನ್ನೂ ಸುಲಭ ಅಲ್ವಾ?" ಅನ್ನೋರಿಗೆ ನನ್ನ ಹತ್ತಿರ ಮೂರು ಉತ್ತರ ಇವೆ. ಒಂದು, ಸಣ್ಣ ಕೋಣೆಯಲ್ಲಿ ಒಂದೇ ಎಲ್‌ಇಡಿ ಬಲ್ಬು ಇರೋವಾಗ ಹೊಳೆಯೋ ಗೋಡೆ ಮೇಲೆ ಅದರ ಪ್ರತಿಬಿಂಬ ಬಿದ್ದು ಕಣ್ಣು ಕುಕ್ಕುತ್ತೆ. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಕಿರಿದಾಗುತ್ತೆ, ಒಳಗಿನ ಮಸೂರ ಹಳದಿ ತಿರುಗುತ್ತೆ, ಪೊರೆ ಬಂದಿದ್ದರೆ ಪ್ರಖರ ಬೆಳಕು ಕಣ್ಣೊಳಗೇ ಚದುರಿ ಎದುರಿನದು ಮಸುಕಾಗುತ್ತೆ. ಅರವತ್ತು ದಾಟಿದವರಿಗೆ ಬೇಕಿರೋದು ಜಾಸ್ತಿ ಬೆಳಕು ಮತ್ತು ಕಮ್ಮಿ ಕುಕ್ಕು. ಗ್ಲಾಸಿ ಕೊಡೋದು ಇದರ ಉಲ್ಟಾ. ಎರಡು, ಯುಟಿಲಿಟಿ ಗೋಡೆಗೆ ಯಾರೂ ಶ್ರದ್ಧೆಯಿಂದ ಪುಟ್ಟಿ ಹಾಕಿರಲ್ಲ, ಗ್ಲಾಸಿ ಹೊಡೆದರೆ ಗಾರೆಯ ಪ್ರತಿಯೊಂದು ಉಬ್ಬುತಗ್ಗೂ ಎದ್ದು ಕಾಣುತ್ತೆ.

ಮೂರನೇದು ಎಲ್ಲಕ್ಕಿಂತ ಮುಖ್ಯ. ನಮ್ಮ ಕಡೆ ಗ್ಲಾಸಿ ಅಂದರೆ ಬಹಳ ಸಲ ಆಯಿಲ್ ಪೇಂಟು, ಅಂದರೆ ಎನಾಮೆಲ್. ಎಣ್ಣೆ ಮೂಲದ ಬಿಳಿ ಎನಾಮೆಲ್‌ಗೆ ಒಂದು ವಿಚಿತ್ರ ಗುಣ ಇದೆ: ಬಿಸಿಲು ಬೆಳಕು ಸಿಗೋ ಕಡೆ ಬಿಳಿಯಾಗಿ ಇರುತ್ತೆ, ಕತ್ತಲೆಯಲ್ಲಿ ಹಳದಿ ತಿರುಗುತ್ತೆ. ಬೀರು ಹಿಂದಿನ ಬಾಗಿಲ ಪಟ್ಟಿಯನ್ನೋ ಕ್ಯಾಲೆಂಡರ್ ಹಿಂದಿನ ಜಾಗವನ್ನೋ ನೋಡಿದವರಿಗೆ ಇದು ಗೊತ್ತಿರುತ್ತೆ. ಕತ್ತಲೆ ಕೋಣೆ ಬೆಳಗಲಿ ಅಂತ ಹೊಡೆಸಿದ ಬಿಳಿ, ಕತ್ತಲೆ ಅನ್ನೋ ಕಾರಣಕ್ಕೇ ಬೇಗ ಕೆಡುತ್ತೆ. ಇಂಥ ಸಲಹೆಗೆ ದುಡ್ಡು ಬೇರೆ ಕೊಡಬೇಕಾ?

ಇಲ್ಲಿ ಒಂದು ಮಾತು ಸೇರಿಸಲೇಬೇಕು: ಹಾಸನ ಜಿಲ್ಲೆಗೆಲ್ಲ ಒಂದೇ ಔಷಧಿ ಇಲ್ಲ. ಅರಕಲಗೂಡಿನ ಪಶ್ಚಿಮಕ್ಕೆ ಹೋದಷ್ಟೂ ಮಲೆನಾಡಿನ ಗಾಳಿ, ಮಳೆ ಜಾಸ್ತಿ. ಮಳೆ ಹೊಡೆಯೋ ಗೋಡೆ ತಿಂಗಳುಗಟ್ಟಲೆ ತೇವ ಕುಡಿದಿರುತ್ತೆ. ಹೇಮಾವತಿ ಪಕ್ಕದ ಹೊಳೆನರಸೀಪುರದಲ್ಲಿ ನೆಲದಿಂದ ಥಂಡಿ ಏರೋ ಹಳೇ ಮನೆಗಳನ್ನು ನೋಡಿದ್ದೀನಿ. ಚನ್ನರಾಯಪಟ್ಟಣದ ಕಡೆ ಬಯಲುಸೀಮೆ, ಅಲ್ಲಿ ಮಳೆಗಿಂತ ಧೂಳಿನ ಕಾಟ, ಜೊತೆಗೆ ಬೋರ್‌ವೆಲ್‌ನ ಗಡಸು ನೀರು ಸಿಡಿದು ಸಿಂಕ್ ಹಿಂದೆ ಬಿಳಿ ಕಲೆ. ಹಾಸನ ಪಟ್ಟಣ ಇವೆಲ್ಲದರ ಮಧ್ಯೆ. ಧೂಳು, ಕಲೆ ಇರೋ ಕಡೆ ಸ್ಯಾಟಿನ್ ತನ್ನ ಕೆಲಸ ಮಾಡುತ್ತೆ. ತೇವ ಇರೋ ಕಡೆ ಮೊದಲು ತೇವದ ಮೂಲ ಹುಡುಕಬೇಕು. ಹಸಿ ಗೋಡೆಗೆ ಗ್ಲಾಸಿ ಬಳಿದರೆ ಒಳಗಿನ ನೀರಿಗೆ ಹೊರಬರೋ ದಾರಿ ಇಲ್ಲದೆ ಗುಳ್ಳೆ ಏಳುತ್ತೆ, ಆಮೇಲೆ ಹಕ್ಕಳೆ ಹಕ್ಕಳೆಯಾಗಿ ಉದುರುತ್ತೆ.

ಪರೀಕ್ಷೆ ಸುಲಭ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ತೇವ ಗೋಡೆಯಿಂದ ಬರ್ತಿದೆ: ಪೈಪು ನೋಡಿ, ತಾರಸಿ ನೋಡಿ, ಹೊರಗಿನ ಬಿರುಕು ನೋಡಿ. ಹೊರಮೈಯಲ್ಲಿ ಕಂಡರೆ ತೇವ ಕೋಣೆಯ ಗಾಳಿಯದು: ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಇಲ್ಲವೇ ಕಿಟಕಿಗೆ ಅಡ್ಡ ಇಟ್ಟಿರೋ ಹಳೇ ಡಬ್ಬಗಳನ್ನು ತೆಗೆಯಿರಿ. ಹೊಸ ಗಾರೆ ಆಗಿದ್ದರೆ ನಾಲ್ಕು ವಾರ ಆರಲಿ. ಇಷ್ಟು ಮಾಡದೆ ಯಾವ ಫಿನಿಶ್ ಹೊಡೆಸಿದರೂ ಬೂಷ್ಟು ಬಂದೇ ಬರುತ್ತೆ, ಬೂಷ್ಟಿಗೆ ಎಲ್‌ಆರ್‌ವಿ ಗೊತ್ತಾಗಲ್ಲ.

ನಮ್ಮ ಅಜ್ಜಿಯರಿಗೆ ಈ ಹೆಸರುಗಳು ಯಾವುವೂ ಗೊತ್ತಿರಲಿಲ್ಲ. ಹಬ್ಬಕ್ಕೆ ಮುಂಚೆ ಸುಣ್ಣ ಕಲಸಿ, ಒಂದು ಚಿಟಿಕೆ ನೀಲಿ ಹಾಕಿ ಬಳಿದರೆ ಬಚ್ಚಲುಮನೆಯೂ ಬೆಳ್ಳಗಾಗ್ತಿತ್ತು. ಸುಣ್ಣದ ಗೋಡೆಗೆ ಹೊಳಪು ಅನ್ನೋದೇ ಇಲ್ಲ. ಆದರೂ ಒಂದು ಬುಡ್ಡಿ ದೀಪಕ್ಕೆ ಅದು ಕೊಡ್ತಿದ್ದ ಬೆಳಕು ಕಮ್ಮಿ ಇರಲಿಲ್ಲ. ಸುಣ್ಣದ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಹಿಡೀತಿರಲಿಲ್ಲ, ಗೋಡೆಗೆ ಉಸಿರಾಡೋಕೂ ಆಗ್ತಿತ್ತು. ಒರಗಿದರೆ ಸೀರೆಗೆ ಅಂಟುತ್ತೆ, ವರ್ಷ ವರ್ಷ ಬಳೀಬೇಕು, ಸೋಪಿನ ನೀರಿಗೆ ನಿಲ್ಲಲ್ಲ. ಹಾಗಾಗಿ ವಾಪಸ್ ಸುಣ್ಣಕ್ಕೆ ಹೋಗಿ ಅಂತ ನಾನು ಹೇಳಲ್ಲ. ಬಿಳಿಯಿಂದ ಬೆಳಕು ಬರುತ್ತೆ ಅನ್ನೋದು ಅವರಿಗೆ ಗೊತ್ತಿತ್ತು, ಅಷ್ಟನ್ನಾದರೂ ಇಟ್ಟುಕೊಳ್ಳೋಣ.

ಈಗ ದುಡ್ಡಿನ ಮಾತು. ನಾಲ್ಕಡಿಗೆ ಎಂಟಡಿ ಕೋಣೆ, ಹತ್ತಡಿ ಎತ್ತರ. ನಾಲ್ಕು ಗೋಡೆ ಸೇರಿ 240 ಚದರಡಿ. ಕೆಳಗೆ ನಾಲ್ಕಡಿ ಟೈಲ್ಸ್ ಇದ್ದರೆ ಅದರಲ್ಲಿ 96 ಹೋಯ್ತು, ಬಾಗಿಲು ಕಿಟಕಿ ಇನ್ನಷ್ಟು. ಒಳ್ಳೆ ಸ್ಯಾಟಿನ್ ಎಮಲ್ಷನ್ ಎರಡು ಕೋಟಿಗೆ ಒಂದರಿಂದ ಒಂದೂವರೆ ಲೀಟರ್, ಟೈಲ್ಸ್ ಇಲ್ಲದಿದ್ದರೂ ಸುಮಾರು ಎರಡು ಲೀಟರ್. ಒಂದು ಲೀಟರಿನ ಎರಡು ಡಬ್ಬ ಕಣ್ರೀ! ಹಾಲ್‌ಗೆ ಟೆಕ್ಸ್ಚರ್ ಗೋಡೆ, ಫಾಲ್ಸ್ ಸೀಲಿಂಗು, ಅದರೊಳಗೆ ಬಣ್ಣ ಬದಲಾಯಿಸೋ ಎಲ್‌ಇಡಿ ಸ್ಟ್ರಿಪ್ಪು, ಎಲ್ಲಕ್ಕೂ ದುಡ್ಡಿದೆ. ಯುಟಿಲಿಟಿಗೆ ಎರಡು ಡಬ್ಬ ಹೊಸ ಪೇಂಟು ಅಂದರೆ ಮಾತ್ರ "ದಂಡ" ಅನ್ನಿಸುತ್ತೆ.

ಹಾಲ್‌ನಲ್ಲಿ ನೆಂಟರು ಕೂರೋದು ಎಷ್ಟೊತ್ತು? ಕಾಫಿ ಕುಡಿದು, ಇನ್ವಿಟೇಶನ್ ಕೊಟ್ಟು, ಅರ್ಧ ಗಂಟೆ. ಯುಟಿಲಿಟಿಯಲ್ಲಿ ಅಮ್ಮ ನಿಲ್ಲೋದು ದಿನಕ್ಕೆ ಎಷ್ಟು ಗಂಟೆ ಅಂತ ಯಾವತ್ತಾದರೂ ಲೆಕ್ಕ ಹಾಕಿದ್ದೀರಾ? ಬೆಳಿಗ್ಗೆ ಪಾತ್ರೆ, ಆಮೇಲೆ ಮಷಿನ್ನು, ಮಧ್ಯಾಹ್ನ ಅಕ್ಕಿ ಆರಿಸೋದು, ಸೊಗಡಿನ ಕಾಲದಲ್ಲಿ ಅವರೆಕಾಯಿ ಬಿಡಿಸಿ ನೆನೆಸಿ ಹಿತಕೋದು, ಸಂಜೆ ಮತ್ತೆ ಪಾತ್ರೆ. ಕೆಲಸಕ್ಕೆ ಬರೋ ಅಕ್ಕ ಇದ್ದರೆ ಅವರ ಪೂರ್ತಿ ಹೊತ್ತು ಅಲ್ಲೇ. ಅಕ್ಕಿಯೊಳಗಿನ ಕಲ್ಲು, ಪಾತ್ರೆಯ ಅಂಚಿಗೆ ಅಂಟಿದ ಜಿಡ್ಡು, ನೆಲದ ಮೇಲಿನ ಸೋಪಿನ ನೀರು, ಇವೆಲ್ಲ ಕಣ್ಣಿಗೆ ಕಾಣಬೇಕಾದವು. ಸೋಪಿನ ನೀರು ಕಾಣದೆ ಕಾಲು ಜಾರಿದರೆ ಏನಾಗುತ್ತೆ ಅಂತ ಅರವತ್ತು ದಾಟಿದ ತಾಯಂದಿರಿರೋ ಯಾವ ಮನೆಯವರಿಗೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಕಣ್ಣಿಗೆ ಅತ್ಯಂತ ಹೆಚ್ಚು ಕೆಲಸ ಇರೋ ಕೋಣೆಗೆ ಅತ್ಯಂತ ಕಮ್ಮಿ ಬೆಳಕು. "ಯಾರು ನೋಡ್ತಾರೆ ಅಲ್ಲಿ" ಅಂದರೆ, ಅವರು ನೋಡ್ತಾರೆ. ದಿನಾ ನೋಡ್ತಾರೆ.

ಊರಿನ ಮನೆಗೆ ಬೆಂಗಳೂರಿಂದ ದುಡ್ಡು ಕಳಿಸೋ ನಮ್ಮ ವಯಸ್ಸಿನವರ ಕೈಯಲ್ಲಿ ಈಗ ಈ ತೀರ್ಮಾನ ಇದೆ. ಹಾಲ್ ಶೇಡಿನ ಫೋಟೋ ಫ್ಯಾಮಿಲಿ ಗ್ರೂಪಿಗೆ ಬರುತ್ತೆ, ಹನ್ನೆರಡು ಜನ ಅಭಿಪ್ರಾಯ ಹೇಳ್ತಾರೆ. ಯುಟಿಲಿಟಿ ಶೇಡಿನ ಫೋಟೋ ಬಂದಿದ್ದನ್ನು ನಾನಂತೂ ನೋಡಿಲ್ಲ. ಅಮ್ಮನನ್ನು ಕೇಳಿದರೆ "ನನಗೇನಪ್ಪ, ಹೆಂಗಿದ್ರೂ ಆಗುತ್ತೆ, ದುಡ್ಡು ಸುಮ್ಮನೆ ಯಾಕೆ" ಅಂತಾರೆ. ಈ ಉತ್ತರವನ್ನು ಒಪ್ಪಿಗೆ ಅಂತ ತಗೋಬೇಡಿ. ಜೀವನವಿಡೀ ಮಿಕ್ಕಿದ್ದನ್ನೇ ಬಡಿಸಿಕೊಂಡು ಉಂಡವರು ಗೋಡೆಗೂ ಮಿಕ್ಕ ಬಣ್ಣವೇ ಸಾಕು ಅಂತಿದ್ದಾರೆ ಅಷ್ಟೇ.

ಅಂಗಡಿಗೆ ಹೋದಾಗ ಹೇಳಬೇಕಾದ್ದು ಇಷ್ಟು. ಗೋಡೆಗೆ ಎಲ್‌ಆರ್‌ವಿ 80 ದಾಟಿದ ಬಿಳಿ ಅಥವಾ ಬಿಳಿಗೆ ತೀರಾ ಹತ್ತಿರದ ಶೇಡು, ನೀರಿನ ಮೂಲದ ತೊಳೆಯಬಹುದಾದ ಎಮಲ್ಷನ್, ಫಿನಿಶ್ ಸಾಫ್ಟ್ ಶೀನ್ ಅಥವಾ ಸ್ಯಾಟಿನ್. ಸೀಲಿಂಗಿಗೆ ಬಿಳಿ ಮ್ಯಾಟ್. ಎನಾಮೆಲ್ ಏನಿದ್ದರೂ ಬಾಗಿಲಿಗೆ, ಗ್ರಿಲ್ಲಿಗೆ. ಗೋಡೆಗೆ ಈಗಾಗಲೇ ಆಯಿಲ್ ಪೇಂಟ್ ಇದ್ದರೆ ಅದರ ಹೊಳಪು ಹೋಗೋವರೆಗೂ ಉಜ್ಜಿ, ಪ್ರೈಮರ್ ಹೊಡೆದೇ ಮುಂದುವರಿಯಬೇಕು, ಇಲ್ಲದಿದ್ದರೆ ಹೊಸ ಬಣ್ಣ ಕಚ್ಚಿಕೊಳ್ಳಲ್ಲ. ಉಜ್ಜೋದು ನೀರು ಹಾಕಿಕೊಂಡೇ ಆಗಲಿ, ಮಕ್ಕಳು ದೂರ ಇರಲಿ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ಕೇಂದ್ರದ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ, ಅದಕ್ಕಿಂತ ಹಳೇ ಎನಾಮೆಲ್ ಧೂಳಿನಲ್ಲಿ ಸೀಸ ಇರಬಹುದು. ಬಲ್ಬನ್ನು ನಿಂತವರ ಬೆನ್ನ ಹಿಂದೆ ಹಾಕಿಸಬೇಡಿ, ಅವರ ನೆರಳೇ ಸಿಂಕಿನ ಮೇಲೆ ಬೀಳುತ್ತೆ. ಸಿಂಕಿನ ಮೇಲ್ಗಡೆ, ಸ್ವಲ್ಪ ಮುಂದಕ್ಕೆ ಇರಲಿ.

ಪೇಂಟರ್ "ಯುಟಿಲಿಟಿಗೆ ಏನು ಹೊಡೀಲಿ ಸಾರ್, ಉಳಿದಿದ್ದು ಹೊಡೆದುಬಿಡ್ಲಾ?" ಅಂತ ಕೇಳಿಯೇ ಕೇಳ್ತಾರೆ. ಬೇಡ ಅನ್ನಿ. ಕೆಲಸ ಶುರು ಮಾಡೋ ದಿನ ಮೊದಲ ಡಬ್ಬ ಯುಟಿಲಿಟಿಗೇ ಒಡೀರಿ. ಉಳಿದ ಬಣ್ಣ ಏನು ಮಾಡೋದು ಅಂತ ಯೋಚನೆಯಾದರೆ ಕಾಂಪೌಂಡಿನ ಒಳಗೋಡೆ ಇದೆ, ಅದಕ್ಕೆ ಬಳೀರಿ. ಆ ಗೋಡೆ ಮುಂದೆ ದಿನಾ ಮೂರು ಗಂಟೆ ನಿಂತು ಯಾರೂ ಪಾತ್ರೆ ತೊಳೆಯಲ್ಲ.